ಕೈಗೆ ಬಾರದ ಆದಾಯಕ್ಕೆ ತೆರಿಗೆ: ಲೆಸ್ಟರ್ ನಗರದ ಮೂರು ಬಾಡಿಗೆ ಮನೆಗಳ ಪ್ರಕರಣ

2023ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಶಾಲಾ ಶಿಕ್ಷಕಿಯೊಬ್ಬರು ತೆರಿಗೆ ಇಲಾಖೆಯ ಪತ್ರವೊಂದನ್ನು ಹಿಡಿದು, ತೆರಿಗೆ ಲೆಕ್ಕ ನೋಡಿಕೊಡುವ ನನ್ನ ಬಳಿ ಬಂದರು. 2020–21ರ ತೆರಿಗೆ ವರ್ಷದಲ್ಲಿ ಅವರ ಆದಾಯ 50,000 ಪೌಂಡ್ ದಾಟಿದ್ದರಿಂದ, ಇಬ್ಬರು ಮಕ್ಕಳಿಗಾಗಿ ಕುಟುಂಬ ಪಡೆದಿದ್ದ ಚೈಲ್ಡ್ ಬೆನಿಫಿಟ್ (ಸರ್ಕಾರ ಕೊಡುವ ಮಕ್ಕಳ ಭತ್ಯೆ) ಹಣದಲ್ಲಿ ಒಂದು ಭಾಗವನ್ನು ಮರಳಿಸಬೇಕೆಂದು ಅದರಲ್ಲಿ ಬರೆದಿತ್ತು. ಆಕೆ ತಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ಆ ವರ್ಷ ಸಂಬಳ 35,000 ಪೌಂಡ್, ಮೂರು ಬಾಡಿಗೆ ಮನೆಗಳಿಂದ ಖರ್ಚು ಮತ್ತು ಬ್ಯಾಂಕಿನ ಬಡ್ಡಿ ಕಳೆದು ಉಳಿದದ್ದು 11,100 ಪೌಂಡ್, ಒಟ್ಟು 46,100. ಈ ಹಣದ ಮೇಲೆ 50,000 ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆಯಾಗಿತ್ತು. ಅವರ ಕೂಡು-ಕಳೆಯುವಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಕಾನೂನು ‘ಆದಾಯ’ ಎಂದು ಕರೆಯುವುದು ಆ ಹಾಳೆಯಲ್ಲಿದ್ದ ಮೊತ್ತವನ್ನಲ್ಲ.

ಬ್ರಿಟನ್ನಿನಲ್ಲಿ ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಹತ್ತು ವರ್ಷಗಳಿಂದ ಹೇಳಿಕೊಂಡು ಬಂದಿರುವ ಆತಂಕದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿರುವುದು ಅದಕ್ಕಾಗಿಯೇ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ಪೂರ್ಣಾಂಕಗಳಿಗೆ ತಂದಿದ್ದೇನೆ. ಲೆಕ್ಕದ ಕ್ರಮವನ್ನು ಮಾತ್ರ ಕಾನೂನಿನಲ್ಲಿ ಇರುವಂತೆಯೇ ಉಳಿಸಿಕೊಂಡಿದ್ದೇನೆ.

2015ರ ಜುಲೈ 8ರಂದು ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಬೇಸಿಗೆಯ ಬಜೆಟ್ ಮಂಡಿಸಿದಾಗ ಈ ಬದಲಾವಣೆಯನ್ನು ಪ್ರಕಟಿಸಿದರು. ಸ್ವಂತ ವಾಸಕ್ಕೆ ಮನೆ ಕೊಳ್ಳುವವನಿಗೆ ಸಾಲದ ಬಡ್ಡಿಯ ಮೇಲೆ ಯಾವ ತೆರಿಗೆ ರಿಯಾಯಿತಿಯೂ ಇಲ್ಲ, ಅಂಥ ರಿಯಾಯಿತಿಯನ್ನು 2000ದ ಏಪ್ರಿಲ್‌ನಲ್ಲೇ ತೆಗೆದುಹಾಕಲಾಗಿತ್ತು. ಹೀಗಿರುವಾಗ ಅದೇ ಮನೆಯನ್ನು ಬಾಡಿಗೆಗಾಗಿ ಕೊಳ್ಳುವವನು ಬಡ್ಡಿಯನ್ನೆಲ್ಲ ಆದಾಯದಿಂದ ಕಳೆದುಕೊಳ್ಳುವುದು, ಅದರಲ್ಲೂ ಹೆಚ್ಚು ಆದಾಯವುಳ್ಳವನಿಗೆ ಹೆಚ್ಚು ರಿಯಾಯಿತಿ ಸಿಗುವುದು ನ್ಯಾಯವಲ್ಲ ಎಂಬುದು ಅವರ ವಾದ. 2015ರ ಎರಡನೆಯ ಹಣಕಾಸು ಕಾಯ್ದೆಯ 24ನೆಯ ಸೆಕ್ಷನ್ ಆಗಿ ಅದು ಶಾಸನವಾಯಿತು; ಸಾಲದಲ್ಲಿ ಮುಳುಗಿದ ಬಾಡಿಗೆ ಮನೆ ಮಾಲೀಕರ ಬಾಯಲ್ಲಿ ಇಂದಿಗೂ ಅದರ ಹೆಸರು ‘ಸೆಕ್ಷನ್ 24’ ಎಂದೇ. 2017ರ ಏಪ್ರಿಲ್‌ನಿಂದ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಜಾರಿಗೊಳಿಸಲಾಯಿತು. ಮೊದಲ ವರ್ಷ ಬಡ್ಡಿಯ ಶೇ 75ರಷ್ಟನ್ನು ಹಳೆಯ ರೀತಿಯಲ್ಲೇ ಕಳೆಯಬಹುದಿತ್ತು, ಮರುವರ್ಷ ಶೇ 50, ಆಮೇಲೆ ಶೇ 25, 2020–21ರಿಂದ ಸೊನ್ನೆ. ಕಳೆಯುವ ಹಕ್ಕು ಹೋದ ಭಾಗಕ್ಕೆ ಬದಲಾಗಿ, ತೆರಿಗೆಯನ್ನೆಲ್ಲ ಲೆಕ್ಕ ಹಾಕಿದ ಮೇಲೆ ಕೊನೆಯಲ್ಲಿ ಬಡ್ಡಿಯ ಶೇ 20ರಷ್ಟು ಮೊತ್ತವನ್ನು ತೆರಿಗೆಯಿಂದ ಇಳಿಸಿಕೊಡುವ ವ್ಯವಸ್ಥೆ ಬಂತು. ಕಂಪನಿಯ ಹೆಸರಿನಲ್ಲಿರುವ ಮನೆಗಳಿಗೂ ಅಂಗಡಿ, ಕಚೇರಿಯಂಥ ವಾಣಿಜ್ಯ ಕಟ್ಟಡಗಳಿಗೂ ಇದು ಅನ್ವಯಿಸುವುದಿಲ್ಲ.

ಐವರು ಮಾಲೀಕರಲ್ಲಿ ಒಬ್ಬರಷ್ಟೇ ಹೆಚ್ಚು ತೆರಿಗೆ ಕಟ್ಟಬೇಕಾಗುತ್ತದೆ, ಮೂಲ ದರವಾದ ಶೇ 20ರಲ್ಲಿ ತೆರಿಗೆ ಕಟ್ಟುವವರಿಗೆ ಏನೂ ಆಗುವುದಿಲ್ಲ ಎಂದು ಸರ್ಕಾರ ಆಗ ಹೇಳಿತು. ನಮ್ಮ ಶಿಕ್ಷಕಿ ಅದನ್ನು ಓದಿ ನಿಶ್ಚಿಂತರಾದವರಲ್ಲಿ ಒಬ್ಬರು. 2016–17ರಲ್ಲಿ ಅವರ ಸಂಬಳ 31,000. ಬಾಡಿಗೆಯಲ್ಲಿ ಖರ್ಚು ಕಳೆದು 19,000, ಅದರಲ್ಲಿ ಬಡ್ಡಿ 11,880, ಉಳಿಕೆ 7,120. ಒಟ್ಟು 38,120 ಪೌಂಡ್, ಶೇ 40ರ ಹೆಚ್ಚಿನ ದರ ತೊಡಗುತ್ತಿದ್ದ 43,000ಕ್ಕಿಂತ ಎಷ್ಟೋ ಕೆಳಗೆ. ತಾನು ಮೂಲ ದರದವಳು ಎಂಬ ಅವರ ನಂಬಿಕೆಗೆ ಆಧಾರವಿತ್ತು. ಆದರೆ ‘ಮೂಲ ದರದವರು’ ಯಾರು ಎಂದು ನಿರ್ಧರಿಸುವ ಅಳತೆಗೋಲೇ ಈ ಕಾನೂನಿನಿಂದ ಬದಲಾಗುತ್ತಿದೆ ಎಂಬುದು ಅವರಿಗೆ ಹೊಳೆಯಲಿಲ್ಲ, ಅವರಿಗೆ ಹೇಳುವವರೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶೇ 40 ಕೊಡುತ್ತಿದ್ದ ರಿಯಾಯಿತಿಯನ್ನು ಶೇ 20ಕ್ಕೆ ಇಳಿಸಿದ್ದಷ್ಟೇ ಆಗಿದ್ದರೆ ಇದು ದರದ ಬದಲಾವಣೆಯಾಗುತ್ತಿತ್ತು. ನಿಜವಾಗಿ ನಡೆದದ್ದು ಸ್ಥಾನಪಲ್ಲಟ. ಮೊದಲು ಬಡ್ಡಿಯನ್ನು ಆದಾಯದ ಲೆಕ್ಕ ಮುಗಿಯುವ ಮುನ್ನ ಕಳೆಯಲಾಗುತ್ತಿತ್ತು. ಈಗ ಆದಾಯ ನಿಗದಿಯಾಗಿ, ಅದು ಯಾವ ದರದ ಪಟ್ಟಿಗೆ ಬೀಳುತ್ತದೆಂದು ತೀರ್ಮಾನವಾಗಿ, ತೆರಿಗೆ ಲೆಕ್ಕ ಹಾಕಿದ ನಂತರ ಇಳಿಸಲಾಗುತ್ತದೆ. ಹಾಗಾಗಿ ಬ್ಯಾಂಕಿಗೆ ಹೋದ ಹಣವೂ ಮಾಲೀಕನ ಆದಾಯವೆಂದೇ ದಾಖಲಾಗುತ್ತದೆ. ಆ ದಾಖಲೆಯನ್ನು ಓದುವುದು ಆದಾಯ ತೆರಿಗೆಯ ದರಪಟ್ಟಿ ಒಂದೇ ಅಲ್ಲ. ಚೈಲ್ಡ್ ಬೆನಿಫಿಟ್ ಹಿಂಪಡೆಯುವ ನಿಯಮ ಅದನ್ನೇ ಓದುತ್ತದೆ. ಒಂದು ಲಕ್ಷ ಪೌಂಡ್ ದಾಟಿದವರ ವೈಯಕ್ತಿಕ ವಿನಾಯಿತಿಯನ್ನು (ತೆರಿಗೆ ಬೀಳದ ಆದಾಯದ ಮೊದಲ ಭಾಗವನ್ನು) ಕರಗಿಸುವ ನಿಯಮವೂ ಅದನ್ನೇ ಓದುತ್ತದೆ.

2020–21ರ ಪತ್ರದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಆ ವರ್ಷ ಬಾಡಿಗೆಯಲ್ಲಿ ಖರ್ಚು ಕಳೆದು 21,000 ಪೌಂಡ್ ಇತ್ತು. ಬಡ್ಡಿ 9,900 ಪೌಂಡನ್ನು ಕಳೆಯುವಂತಿಲ್ಲವಾದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆದಾಯ 56,000. ಆಗಿನ ನಿಯಮದಂತೆ 50,000ದ ಮೇಲಿನ ಪ್ರತಿ 100 ಪೌಂಡಿಗೆ ಚೈಲ್ಡ್ ಬೆನಿಫಿಟ್‌ನ ಶೇ 1 ಹಿಂದಕ್ಕೆ ಹೋಗಬೇಕು. ಇಬ್ಬರು ಮಕ್ಕಳಿಗೆ ಬಂದ 1,820 ಪೌಂಡಿನಲ್ಲಿ ಶೇ 60, ಅಂದರೆ 1,092 ಪೌಂಡ್. ತೆರಿಗೆ ವಿವರ ಸಲ್ಲಿಸುವಾಗ ‘ನಿಮ್ಮ ಆದಾಯ 50,000 ಮೀರಿತೇ’ ಎಂಬರ್ಥದ ಪ್ರಶ್ನೆಗೆ ಆಕೆ ಪ್ರಾಮಾಣಿಕವಾಗಿ ‘ಇಲ್ಲ’ ಎಂದಿದ್ದರು. ಹಣ ಬರುತ್ತಿದ್ದದ್ದು ಗಂಡನ ಖಾತೆಗೆ. ಮನೆಯಲ್ಲಿ ಹೆಚ್ಚು ಆದಾಯ ಯಾರದೋ ಅವರ ಮೇಲೆ ವಸೂಲಿಯ ಹೊಣೆ ಬೀಳುವುದರಿಂದ ಪತ್ರ ಬಂದದ್ದು ಹೆಂಡತಿಗೆ. ಮುಂದಿನ ವರ್ಷದ್ದನ್ನೂ ಸೇರಿಸಿ, ಬಡ್ಡಿಯೊಡನೆ ಕಟ್ಟಿದೆವು. ಮರೆಮಾಚುವ ಉದ್ದೇಶವಿರಲಿಲ್ಲವೆಂದು ವಿವರಿಸಿ ಬರೆದ ಪತ್ರವನ್ನು ನಾನೇ ಸಿದ್ಧಪಡಿಸಿದೆ. ಸಾಲದ ಮೇಲೆ ಮನೆ ಬಾಡಿಗೆಗೆ ಕೊಟ್ಟಿರುವ, ಮಕ್ಕಳಿರುವ ಯಾರೇ ಆಗಲಿ ಮೊದಲು ಪರಿಶೀಲಿಸಬೇಕಾದದ್ದು ಇದನ್ನು. ಹೆಚ್ಚಿನ ದರದ ತೆರಿಗೆ ಬಿಲ್ಲಿನಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ, ಈ ವಸೂಲಿ ಮಾತ್ರ ವರ್ಷಗಳ ತನಕ ಸದ್ದಿಲ್ಲದೆ ಬೆಳೆಯಬಲ್ಲದು.

ಆದರೆ ಅಸಲಿ ಪೆಟ್ಟು ಇನ್ನೂ ಬೀಳಬೇಕಿತ್ತು. ಮೂರು ಮನೆಗಳ ಮೇಲೆ ತಲಾ 1,10,000ದಂತೆ ಒಟ್ಟು 3,30,000 ಪೌಂಡ್ ಸಾಲವಿತ್ತು, ಬಡ್ಡಿ ಮಾತ್ರ ಕಟ್ಟುತ್ತ ಹೋಗುವ, ಅಸಲು ಕೊನೆಗೆ ಉಳಿಯುವ ಬಗೆಯ ಸಾಲ. 2018ರಲ್ಲಿ ಐದು ವರ್ಷಕ್ಕೆ ಶೇ 3ರಂತೆ ದರವನ್ನು ಕಟ್ಟಿಹಾಕಿದ್ದರು. ಆ ಅವಧಿ 2023ರ ಮಾರ್ಚ್‌ನಲ್ಲಿ ಮುಗಿಯಿತು. 2021ರ ಡಿಸೆಂಬರ್‌ವರೆಗೆ ಶೇ 0.1ರಲ್ಲಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2023ರ ಆಗಸ್ಟ್‌ನಲ್ಲಿ ಶೇ 5.25 ಮುಟ್ಟಿತು, ಇವರಿಗೆ ಎರಡು ವರ್ಷಕ್ಕೆ ಸಿಕ್ಕ ಹೊಸ ದರ ಶೇ 6. ವರ್ಷದ ಬಡ್ಡಿ 9,900ದಿಂದ 19,800ಕ್ಕೆ ಏರಿತು.

ಎರಡು ವರ್ಷಗಳ ಲೆಕ್ಕವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೇ ಕಳವಳವಾಯಿತು. 2022–23ರಲ್ಲಿ ಸಂಬಳ 37,000. ಬಾಡಿಗೆಯಲ್ಲಿ ಖರ್ಚು ಕಳೆದು 25,000. ಬಡ್ಡಿ ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು 15,100 ಪೌಂಡ್. ಸಂಬಳದಲ್ಲಿ ಮೊದಲೇ ಕಡಿತವಾದದ್ದನ್ನು ಬಿಟ್ಟರೆ, ಮನೆಗಳ ಕಾರಣದಿಂದ ಕಟ್ಟಬೇಕಾದ ತೆರಿಗೆ ಮತ್ತು ಮರಳಿಸಬೇಕಾದ ಚೈಲ್ಡ್ ಬೆನಿಫಿಟ್ ಸೇರಿ 7,251. ಅರ್ಧದಷ್ಟು ಹೋದರೂ 7,849 ಪೌಂಡ್ ಉಳಿಯಿತು. 2023–24ರಲ್ಲಿ ಸಂಬಳ 39,000. ಬಾಡಿಗೆಯನ್ನು ತಿಂಗಳಿಗೆ ಮನೆಗೆ 900 ಪೌಂಡಿಗೆ ಏರಿಸಿದ್ದರಿಂದ ಒಟ್ಟು 32,400. ಏಜೆಂಟ್, ವಿಮೆ, ದುರಸ್ತಿ, ಸುರಕ್ಷತಾ ತಪಾಸಣೆಗಳಿಗೆ 6,400 ಹೋಗಿ 26,000. ಬಡ್ಡಿ 19,800 ಕಟ್ಟಿದ ಮೇಲೆ ಉಳಿದದ್ದು 6,200.

ಈಗ ತೆರಿಗೆ. ಕಾನೂನಿನ ಪ್ರಕಾರ ಆದಾಯ 39,000ಕ್ಕೆ 26,000 ಸೇರಿ 65,000. ವೈಯಕ್ತಿಕ ವಿನಾಯಿತಿ 12,570 ಕಳೆದರೆ 52,430; ಮೊದಲ 37,700ಕ್ಕೆ ಶೇ 20ರಂತೆ 7,540, ಮಿಕ್ಕ 14,730ಕ್ಕೆ ಶೇ 40ರಂತೆ 5,892, ಒಟ್ಟು 13,432. ಬಡ್ಡಿಯ ಶೇ 20 ಆದ 3,960ನ್ನು ಇಳಿಸಿದರೆ 9,472. ಆದಾಯ 60,000 ದಾಟಿದ್ದರಿಂದ ಆ ವರ್ಷದ ಚೈಲ್ಡ್ ಬೆನಿಫಿಟ್ ಅಷ್ಟೂ, ಅಂದರೆ 2,074 ಪೌಂಡ್, ವಾಪಸು. ಸಂಬಳದಲ್ಲೇ ಕಡಿತವಾದ 5,286ನ್ನು ಬಿಟ್ಟು ಮನೆಗಳ ಲೆಕ್ಕಕ್ಕೆ ಬೀಳುವುದು 6,260 ಪೌಂಡ್. ಉಳಿದ ಲಾಭ 6,200, ಕಟ್ಟಬೇಕಾದದ್ದು 6,260. ಮೂರು ಮನೆಗಳನ್ನು ಒಂದು ವರ್ಷ ನಿಭಾಯಿಸಿ, ಸಂಬಳದಿಂದ 60 ಪೌಂಡ್ ತೆಗೆದು ಕೊಟ್ಟಂತಾಯಿತು. ಹಳೆಯ ನಿಯಮವಿದ್ದಿದ್ದರೆ ಆದಾಯ 45,200 ಆಗುತ್ತಿತ್ತು, ಚೈಲ್ಡ್ ಬೆನಿಫಿಟ್ ಉಳಿಯುತ್ತಿತ್ತು, ಮನೆಗಳ ಲೆಕ್ಕಕ್ಕೆ 1,240 ಪೌಂಡ್ ತೆರಿಗೆ ಬರುತ್ತಿತ್ತು.

ಗಮನಿಸಬೇಕಾದದ್ದು ಇನ್ನೊಂದಿದೆ. ಲಾಭ 15,100ದಿಂದ 6,200ಕ್ಕೆ ಇಳಿದು ಅರ್ಧಕ್ಕಿಂತ ಹೆಚ್ಚು ಕರಗಿತು. ತೆರಿಗೆಯ ಹೊರೆ 7,251ರಿಂದ 6,260ಕ್ಕೆ ಬಂದು ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಯಿತು. ತೆರಿಗೆ ಲಾಭದ ಜೊತೆ ಏರಿಳಿಯುವುದನ್ನೇ ಬಿಟ್ಟುಬಿಟ್ಟಿತ್ತು. ಬಡ್ಡಿ ದರ ಕೆಳಗಿದ್ದ ಕಾಲದಲ್ಲಿ ಈ ಕಾನೂನು ಪೂರ್ತಿ ಜಾರಿಗೆ ಬಂದದ್ದರಿಂದ ಅದರ ಭಾರ ಬಹಳ ಜನಕ್ಕೆ ಗೊತ್ತಾಗಲಿಲ್ಲ. 2015ರಲ್ಲಿ ಬರೆದದ್ದರ ಬಿಸಿ 2023ರಲ್ಲಿ ತಟ್ಟಿತು. ಬಡ್ಡಿ ಹೆಚ್ಚಿದಷ್ಟೂ ಉಳಿದ ಲಾಭಕ್ಕೆ ತೆರಿಗೆ ಭಾರವಾಗುವ ಕಾನೂನು, ಮನುಷ್ಯ ಎಲ್ಲಕ್ಕಿಂತ ದುರ್ಬಲನಾಗಿರುವ ಹೊತ್ತಿನಲ್ಲಿ ಅವನ ಮೇಲೆ ಬೀಳುತ್ತದೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಬೇರಾವುದೇ ವ್ಯಾಪಾರಕ್ಕೆ ಸಾಲದ ಬಡ್ಡಿ ಖರ್ಚೆಂದು ಒಪ್ಪುವಾಗ ಬಾಡಿಗೆ ಮನೆಗೆ ಮಾತ್ರ ಏಕಿಲ್ಲ ಎಂಬ ಮಾಲೀಕರ ವಾದವನ್ನು ನಾನು ಪೂರ್ತಿ ಒಪ್ಪುವವನಲ್ಲ. ಮೊದಲ ಮನೆ ಕೊಳ್ಳಲು ಪರದಾಡುವವರ ಎದುರು ಸಾಲದ ಬಲದ ಮೇಲೆ ಹರಾಜು ಕೂಗುವವರಿಗೆ ರಾಜ್ಯ ನೆರವಾಗಬೇಕಾಗಿಲ್ಲ. ಆದರೆ ಆ ಉದ್ದೇಶವನ್ನು ರಿಯಾಯಿತಿಯ ದರ ಇಳಿಸಿಯೇ ಸಾಧಿಸಬಹುದಿತ್ತು. ಬ್ಯಾಂಕಿಗೆ ಹೋದ ಹಣವನ್ನು ಮಕ್ಕಳ ಭತ್ಯೆಯ ಲೆಕ್ಕಕ್ಕೂ ಆದಾಯವೆಂದು ಎಣಿಸುವ ಅಗತ್ಯವಿರಲಿಲ್ಲ.

ಮಾಲೀಕರು ನ್ಯಾಯಾಲಯಕ್ಕೂ ಹೋಗಿದ್ದರು. ಇಬ್ಬರು ಮಾಲೀಕರ ಪರವಾಗಿ ಸಲ್ಲಿಸಿದ ಅರ್ಜಿಯ ವಿಚಾರಣೆಗೆ 2016ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಅನುಮತಿ ನಿರಾಕರಿಸಿತು. ಬೇರೆ ದೇಶಗಳು ಇದೇ ದಾರಿ ಹಿಡಿದು ಹಿಂದೆ ಸರಿದದ್ದುಂಟು. ಐರ್ಲೆಂಡ್ 2009ರಲ್ಲಿ ಬಡ್ಡಿಯ ಶೇ 75ಕ್ಕೆ ಮಿತಿ ಹಾಕಿ 2019ರ ಹೊತ್ತಿಗೆ ಪೂರ್ತಿ ಮರಳಿಸಿತು. ನ್ಯೂಜಿಲೆಂಡ್ 2021ರ ಅಕ್ಟೋಬರ್‌ನಿಂದ ಕಡಿತವನ್ನು ತೆಗೆಯುತ್ತ ಬಂದು 2025ರ ಏಪ್ರಿಲ್‌ನಲ್ಲಿ ಪೂರ್ತಿಯಾಗಿ ಹಿಂದಕ್ಕೆ ತಂದಿತು. ಬ್ರಿಟನ್ನಿನಲ್ಲಿ ಅಂಥ ಸೂಚನೆ ಇರಲಿಲ್ಲ. ಇರುವ ಕಾನೂನಿನೊಳಗೇ ದಾರಿ ಹುಡುಕಬೇಕಿತ್ತು.

ಎಲ್ಲರೂ ಮೊದಲು ಕೇಳುವುದು ಕಂಪನಿಯ ವಿಷಯ. ಮನೆಗಳನ್ನು ಕಂಪನಿಗೆ ವರ್ಗಾಯಿಸಿದರೆ ಬಡ್ಡಿಯನ್ನೆಲ್ಲ ಕಳೆಯಬಹುದಲ್ಲ ಎಂದು ಈಕೆಯೂ ಕೇಳಿದರು. ಆದರೆ ಕಾನೂನಿನ ಕಣ್ಣಿಗೆ ಅದು ಮಾರಾಟ. ತಲಾ 2,05,000 ಬೆಲೆಬಾಳುವ ಮೂರು ಮನೆಗಳಿಗೆ ಆಗಿನ ಶೇ 3ರ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಒಂದೇ 18,450 ಪೌಂಡ್ ಆಗುತ್ತಿತ್ತು; ಮೂರರ ಬೆಲೆ ಏರಿಕೆಯ ಮೇಲೆ ಬಂಡವಾಳ ಲಾಭದ ತೆರಿಗೆ ಬೇರೆ. ಬಾಡಿಗೆ ಕೊಡುವುದು ನಿಜವಾದ ವ್ಯವಹಾರದ ಮಟ್ಟದಲ್ಲಿದ್ದರೆ ಆ ಲಾಭ ತೆರಿಗೆಯನ್ನು ಮುಂದೂಡುವ ಅವಕಾಶವಿದೆ. 2013ರ ರಾಮ್ಸೆ ಪ್ರಕರಣದಲ್ಲಿ ಮೇಲಿನ ನ್ಯಾಯಮಂಡಳಿ ಅದನ್ನು ಒಪ್ಪಿದ್ದು, ವಾರಕ್ಕೆ ಸುಮಾರು 20 ಗಂಟೆ ತಮ್ಮ ಬಾಡಿಗೆ ಕಟ್ಟಡದ ಕೆಲಸಕ್ಕೇ ಕೊಡುತ್ತಿದ್ದವರ ವಿಷಯದಲ್ಲಿ. ದಿನವಿಡೀ ಪಾಠ ಮಾಡಿ, ಮನೆಗಳನ್ನು ಏಜೆಂಟರ ಕೈಗೆ ಬಿಟ್ಟಿರುವ ಶಿಕ್ಷಕಿ ಆ ಮಾತನ್ನು ಹೇಳುವಂತಿಲ್ಲ. ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟೆವು. ಹೆಚ್ಚುವರಿ ಪಿಂಚಣಿ ಕಟ್ಟಿ ಆದಾಯವನ್ನು ಇಳಿಸಿ ತೋರಿಸುವ ನ್ಯಾಯಸಮ್ಮತ ದಾರಿಯೂ ಇತ್ತು. ಕಟ್ಟಲು ಕೈಯಲ್ಲಿ ಹಣವಿರಲಿಲ್ಲ.

ಬಾಡಿಗೆಯನ್ನು ಮತ್ತೆ ಏರಿಸುವುದೇ? ಆಕೆಯ ಒಂದು ಮನೆಯಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ಒಂಬತ್ತು ವರ್ಷಗಳಿಂದ ಇದ್ದಳು. 2020ರಲ್ಲಿ ತಿಂಗಳಿಗೆ 725 ಪೌಂಡ್ ಕೊಡುತ್ತಿದ್ದವಳು ಆಗಲೇ 900 ಕೊಡುತ್ತಿದ್ದಳು. ಹೆಚ್ಚಿಸಿದ ಪ್ರತಿ ನೂರು ಪೌಂಡಿನಲ್ಲಿ ಮಾಲೀಕಳಿಗೆ ಉಳಿಯುವುದು ಅರವತ್ತು. ಬಾಡಿಗೆದಾರಳ ಕೈಯಿಂದ ಹೋಗುವುದು ಪೂರ್ತಿ ನೂರು. ಶಿಕ್ಷಕಿ ಇನ್ನು ಏರಿಸಲು ಒಪ್ಪಲಿಲ್ಲ.

ಉಳಿದದ್ದು ಗಂಡನ ಹೆಸರು. ಆತ ಮಕ್ಕಳ ಆರೈಕೆಗಾಗಿ ಅರೆಕಾಲಿಕ ಕೆಲಸ ಮಾಡುತ್ತ ವರ್ಷಕ್ಕೆ 14,000 ಪೌಂಡ್ ಗಳಿಸುತ್ತಿದ್ದರು. ಮನೆಗಳಲ್ಲಿ ಹೆಚ್ಚಿನ ಪಾಲು ಅವರದಾದರೆ ಇಬ್ಬರೂ ಶೇ 20ರ ದರದೊಳಗೆ ಉಳಿಯುತ್ತಾರೆ. ಆಗ ಶೇ 20ರ ತೆರಿಗೆಯೂ ಶೇ 20ರ ರಿಯಾಯಿತಿಯೂ ಸರಿತೂಗಿ ಸೆಕ್ಷನ್ 24ರ ಪೆಟ್ಟೇ ಇಲ್ಲವಾಗುತ್ತದೆ. ಜೊತೆಯಾಗಿ ಬಾಳುವ ಗಂಡ-ಹೆಂಡಿರ ನಡುವಿನ ವರ್ಗಾವಣೆಗೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ತೊಡಕು ಬಂದದ್ದು ಸಾಲ ಕೊಟ್ಟವರಿಂದ. ನಿಗದಿತ ದರದ ಅವಧಿ ಮುಗಿಯುವ ಮೊದಲು ಸಾಲವನ್ನು ಜಂಟಿ ಹೆಸರಿಗೆ ಬದಲಿಸಬೇಕಾದರೆ ಹಳೆಯದನ್ನು ದಂಡದೊಂದಿಗೆ ತೀರಿಸಿ ಹೊಸದು ತೆಗೆಯಬೇಕೆಂದರು. ಆ ದಂಡ ಸಾವಿರಾರು ಪೌಂಡ್. 2025ರ ಮಾರ್ಚ್‌ವರೆಗೆ ಕಾಯುವುದೇ ಕ್ಷೇಮವೆಂದು ನಾನು ಹೇಳಿದೆ.

ಕಾಯುವ ಶಕ್ತಿ ಕುಟುಂಬಕ್ಕೆ ಇರಲಿಲ್ಲ. 2024ರ ಬೇಸಿಗೆಯಲ್ಲಿ ಒಂದು ಮನೆಯ ಛಾವಣಿ ಸೋರತೊಡಗಿತು; ದುರಸ್ತಿಗೆ ಬೇಕಾದ ಮೊತ್ತ ಎರಡು ವರ್ಷಗಳ ಹಿಂದಿನ ಉಳಿತಾಯವಿದ್ದರೆ ಹೊಂದಿಸಬಹುದಾಗಿತ್ತು. ಆ ಮನೆಯನ್ನು ಮಾರಲು ತೀರ್ಮಾನಿಸಿದರು. ಒಂಬತ್ತು ವರ್ಷದ ಬಾಡಿಗೆದಾರಳು ಇದ್ದದ್ದು ಅದೇ ಮನೆಯಲ್ಲಿ. ಕಾರಣ ಹೇಳದೆಯೇ ಮನೆ ಖಾಲಿ ಮಾಡಿಸಲು ಆಗ ಅವಕಾಶ ಕೊಡುತ್ತಿದ್ದ, ಎರಡು ತಿಂಗಳ ಅವಧಿಯ ಸೆಕ್ಷನ್ 21 ನೋಟಿಸನ್ನು ಕೊಡುವುದಕ್ಕೆ ಆಕೆ ಅಂಚೆಯನ್ನು ಬಳಸದೆ ತಾವೇ ಹೋಗಿ, ಕಾರಣವನ್ನು ಹೇಳಿಯೇ ಕೊಟ್ಟರು. ಮನೆ ಸಿಗುವವರೆಗೆ ಇರಲಿ ಎಂದು ನಾಲ್ಕು ತಿಂಗಳು ಬಿಟ್ಟರು. ಬಾಡಿಗೆದಾರಳಿಗೆ ಕೊನೆಗೆ ಸಿಕ್ಕ ಮನೆ ಚಿಕ್ಕದು, ಶಾಲೆಗೆ ದೂರ, ಬಾಡಿಗೆ ಹೆಚ್ಚು. ಖಾಲಿಯಾದ ಮನೆಯನ್ನು ಕೊಂಡದ್ದು ಮೊದಲ ಬಾರಿಗೆ ಮನೆ ಮಾಡುತ್ತಿದ್ದ ಯುವ ದಂಪತಿ. 2015ರ ಬಜೆಟ್ ಬಯಸಿದ್ದು ಇದನ್ನೇ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಒಂದು ಕುಟುಂಬಕ್ಕೆ ಬಾಗಿಲು ತೆರೆದಾಗ ಇನ್ನೊಂದು ಕುಟುಂಬ ಅದೇ ಬಾಗಿಲಿನಿಂದ ಹೊರಗೆ ಹೋಯಿತು ಎಂಬುದೂ ಅಷ್ಟೇ ನಿಜ.

1,40,000ಕ್ಕೆ ಕೊಂಡದ್ದು 2,05,000ಕ್ಕೆ ಹೋಯಿತು. ಕೊಳ್ಳುವ-ಮಾರುವ ವೆಚ್ಚ 6,000 ಕಳೆದು, 2024–25ರ ವಿನಾಯಿತಿ 3,000 ಕಳೆದು 56,000ದ ಮೇಲೆ ಶೇ 24ರಂತೆ 13,440 ಪೌಂಡ್ ತೆರಿಗೆಯನ್ನು ಮಾರಾಟವಾದ 60 ದಿನಗಳೊಳಗೆ ಕಟ್ಟಿದೆವು. ಎರಡು ವರ್ಷ ಮೊದಲು ಈ ವಿನಾಯಿತಿಯೇ 12,300 ಇತ್ತು. ಆ ಮನೆಯ ಸಾಲ ಮತ್ತು ಅವಧಿಗೆ ಮುನ್ನ ತೀರಿಸಿದ ದಂಡ ಹೋಗಿ ಉಳಿದದ್ದರಲ್ಲಿ 70,000 ಪೌಂಡನ್ನು 2025ರ ಮಾರ್ಚ್‌ನಲ್ಲಿ ಮಿಕ್ಕ ಎರಡು ಮನೆಗಳ ಸಾಲಕ್ಕೆ ತುಂಬಿ, ಅದನ್ನು 1,50,000ಕ್ಕೆ ಇಳಿಸಿದೆವು.

ಅದೇ ಹೊತ್ತಿಗೆ ಸಾಲವನ್ನೂ ಮನೆಗಳನ್ನೂ ಜಂಟಿ ಹೆಸರಿಗೆ ತಂದು, ಹೆಂಡತಿಗೆ ಶೇ 30, ಗಂಡನಿಗೆ ಶೇ 70 ಎಂದು ಪಾಲುಪತ್ರ ಬರೆಸಲಾಯಿತು. ಇಲ್ಲಿ ಎಚ್ಚರ ಬೇಕು. ದಂಪತಿಯ ಜಂಟಿ ಆಸ್ತಿಯ ಆದಾಯವನ್ನು ಕಾನೂನು ತಾನಾಗಿ ಸಮಪಾಲು ಎಂದೇ ನೋಡುತ್ತದೆ. ಬೇರೆ ಪಾಲಿನಂತೆ ತೆರಿಗೆ ಹಾಕಿಸಿಕೊಳ್ಳಬೇಕಾದರೆ ನಿಜವಾದ ಒಡೆತನವೇ ಆ ಪಾಲಿನಲ್ಲಿರಬೇಕು, ‘ಫಾರ್ಮ್ 17’ ಎಂಬ ಘೋಷಣೆ ಸಹಿಯಾದ 60 ದಿನಗಳೊಳಗೆ ಇಲಾಖೆಯನ್ನು ತಲುಪಬೇಕು. ತಡವಾದರೆ ಅದು ಅಸಿಂಧು. ಕಾಗದದಲ್ಲಿ ಗಂಡನಿಗೆ ಬರೆದು ಬಾಡಿಗೆಯನ್ನು ಹೆಂಡತಿಯೇ ಇಟ್ಟುಕೊಳ್ಳುವ ವ್ಯವಸ್ಥೆಗೆ ನಾನು ಸಹಿ ಹಾಕಿಸುವುದಿಲ್ಲ, ಇವರೂ ಕೇಳಲಿಲ್ಲ. ಗಂಡ ವಹಿಸಿಕೊಂಡ ಸಾಲದ ಪಾಲು 1,05,000 ಪೌಂಡ್. ಸ್ಟ್ಯಾಂಪ್ ಡ್ಯೂಟಿ ಅದರ ಮೇಲೆ ಲೆಕ್ಕವಾಗುತ್ತದೆ, ಮತ್ತು 2017ರ ನವೆಂಬರ್‌ನಿಂದ ದಂಪತಿಯ ನಡುವಿನ ವರ್ಗಾವಣೆಗೆ ಹೆಚ್ಚುವರಿ ದರವಿಲ್ಲದ್ದರಿಂದ ಕಟ್ಟಬೇಕಾದದ್ದು ಏನೂ ಇರಲಿಲ್ಲ. ವಿವರ ಮಾತ್ರ ಸಲ್ಲಿಸಿದೆವು.

ಹೊಸ ಸಾಲದ ದರ ಶೇ 4.8, ವರ್ಷದ ಬಡ್ಡಿ 7,200. ಎರಡು ಮನೆಗಳಿಂದ ಖರ್ಚು ಕಳೆದು 18,200 ಬರುತ್ತದೆ. ಅದರಲ್ಲಿ ಆಕೆಯ ಪಾಲು 5,460, ಈಗಿನ ಸಂಬಳ 41,500ಕ್ಕೆ ಸೇರಿ 46,960. ಗಂಡನದು ಸಂಬಳ ಸೇರಿ 26,740. ಇಬ್ಬರೂ 50,270ರ ಕೆಳಗೆ. ಬಡ್ಡಿ ಕಟ್ಟಿ ಉಳಿಯುವ 11,000ಕ್ಕೆ ಇಬ್ಬರದೂ ಸೇರಿ ತೆರಿಗೆ 2,200, ಸರಿಯಾಗಿ ಐದರಲ್ಲಿ ಒಂದು ಪಾಲು. ಚೈಲ್ಡ್ ಬೆನಿಫಿಟ್ ವಸೂಲಿಯ ಗಡಿ 2024ರ ಏಪ್ರಿಲ್‌ನಿಂದ 60,000ಕ್ಕೆ ಏರಿರುವುದರಿಂದ ಆ ಹಣವೂ ಪೂರ್ತಿ ಉಳಿಯುತ್ತದೆ.

2025ರ ನವೆಂಬರ್ ಬಜೆಟ್ ಆದ ಮೇಲೆ ಮತ್ತೊಮ್ಮೆ ಕುಳಿತು ಲೆಕ್ಕ ಹಾಕಿದೆವು. 2027ರ ಏಪ್ರಿಲ್‌ನಿಂದ ಬಾಡಿಗೆ ಆದಾಯಕ್ಕೆ ಶೇ 22, 42, 47ರ ಪ್ರತ್ಯೇಕ ದರಗಳನ್ನು ಪ್ರಕಟಿಸಿದ್ದಾರೆ. ಬಡ್ಡಿಯ ರಿಯಾಯಿತಿಯೂ ಶೇ 22 ಆಗುತ್ತದೆ. ಇವರಿಗೆ ಅದರಿಂದ ಹೆಚ್ಚಾಗುವುದು 220 ಪೌಂಡ್. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಸಾಲು: 50,270ರ ಗಡಿಯನ್ನು 2031ರ ಏಪ್ರಿಲ್‌ವರೆಗೆ ಕದಲಿಸುವುದಿಲ್ಲ. ಆಕೆಗೂ ಆ ಗಡಿಗೂ ಈಗಿರುವ ಅಂತರ 3,310 ಪೌಂಡ್. ಸಂಬಳ ವರ್ಷಕ್ಕೆ ಸಾವಿರದಂತೆ ಏರಿದರೂ ನಾಲ್ಕನೆಯ ವರ್ಷ ಅದು ಮುಗಿಯುತ್ತದೆ. ಆಗ ಪಾಲುಪತ್ರವನ್ನು ಮತ್ತೆ ತಿದ್ದಬೇಕೋ, ಇನ್ನೊಂದು ಮನೆಯ ಸಾಲ ತೀರಿಸಿಬಿಡಬೇಕೋ ಎಂಬುದನ್ನು 2027ರ ಲೆಕ್ಕ ಬಂದ ಮೇಲೆ ನೋಡುವುದೆಂದು ತೀರ್ಮಾನಿಸಿ, ಕಡತದ ಮೇಲೆ ಆ ದಿನಾಂಕ ಬರೆದಿಟ್ಟಿದ್ದೇನೆ.